ತ್ರೀ ಪಿನ್ನಿನ ಮೂರನೆಯವರು

ಮಲ್ಲಿಕಾರ್ಜುನ ಅವರು ಮಾತು ಶುರುಮಾಡಿದರೆ ಎದುರಿಗಿದ್ದವರಿಗೆ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಅವರ ದನಿಯೇ ಅಂಥದ್ದು, ಫ್ಯಾನಿನ ಸದ್ದಿಗಿಂತ ಒಂದು ಕೂದಲೆಳೆ ಕೆಳಗೆ ಓಡುವ ದನಿ. ವಡೋದರದ ಸರ್ಕಾರಿ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಅವರು ಅಧಿಕಾರಿ. ಮೀಟಿಂಗಿನಲ್ಲಿ ಅವರು ಹೇಳಿದ್ದನ್ನು ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಕುರ್ಚಿಯವರು ಜೋರಾಗಿ ಹೇಳುತ್ತಿದ್ದರು, ಸಾಹೇಬರು ತಲೆದೂಗುತ್ತಿದ್ದರು, ಮಲ್ಲಿಕಾರ್ಜುನ ಅವರೂ ಒಳ್ಳೆಯ ಸಲಹೆ ಎಂದು ತಲೆದೂಗುತ್ತಿದ್ದರು. ಮನೆಯಲ್ಲಿ ಹೆಂಡತಿ ಸುಮತಿ "ಏನಂದ್ರಿ?" ಎಂದು ಕೇಳುತ್ತಿದ್ದುದು ನಿಜ. ಆದರೆ ಉತ್ತರ ಬರುವಷ್ಟರಲ್ಲಿ ಅವರು ಅಡುಗೆಮನೆ ಸೇರಿರುತ್ತಿದ್ದರು. ಮಗಳು ಮೇಘನಾ ಕಾಲೇಜಿನವಳು, ಗುಜರಾತಿನಲ್ಲೇ ಬೆಳೆದವಳು. ಅಪ್ಪನ ಲಕ್ಷ್ಮೇಶ್ವರದ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿತ್ತು, ಆ ಅರ್ಧವೂ ಕೇಳಿಸಿದರೆ ತಾನೆ.

ಲಕ್ಷ್ಮೇಶ್ವರದ ಮನೆಯಲ್ಲಿ ಹಾರ್ಮೋನಿಯಂ ಇತ್ತು, ಆದರೆ ಅದು ಅಣ್ಣನದು. ಅಣ್ಣನಿಗೆ ಎರಡೂ ಕೈಯಲ್ಲಿ ಬಾರಿಸುವ ಹುಮ್ಮಸ್ಸು. ಆದ್ದರಿಂದ ಗಾಳಿ ಹಾಕುವ ಕೆಲಸ ತಮ್ಮನಿಗೆ ಬಂತು. ಭಜನೆ ಮುಗಿದ ಮೇಲೆ ಊರವರು ಅಣ್ಣನ ಬೆರಳುಗಳನ್ನು ಹೊಗಳಿ ಪ್ರಸಾದ ತೆಗೆದುಕೊಂಡು ಹೋಗುತ್ತಿದ್ದರು. ಗಾಳಿಯನ್ನು ಯಾರು ಹೊಗಳುತ್ತಾರೆ. ಅಣ್ಣ ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ಮಲ್ಲಿಕಾರ್ಜುನ ಒಂದು ಕೈಯಲ್ಲಿ ಗಾಳಿ ಹಾಕಿಕೊಂಡು ಇನ್ನೊಂದು ಕೈಯಲ್ಲಿ ತಮ್ಮದೇ ಒಂದು ಧಾಟಿ ಕಟ್ಟಿಕೊಂಡಿದ್ದರು. ಮೇಲಕ್ಕೆ ಹತ್ತಿ, ಒಂದು ಕಡೆ ನಿಂತು ಯೋಚನೆ ಮಾಡಿ, ಹತ್ತಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಇಳಿದು ಬರುವ ಸಣ್ಣ ಧಾಟಿ. ಅದಕ್ಕೆ ಮಾತಿಲ್ಲ, ಹೆಸರಿಲ್ಲ. ಅದನ್ನು ಯಾರಿಗೂ ಕೇಳಿಸಿರಲಿಲ್ಲ.

ಹುಬ್ಬಳ್ಳಿ, ಸೊಲ್ಲಾಪುರ, ಅಹಮದಾಬಾದು ಎಂದು ವರ್ಗವಾಗುತ್ತಾ ವಡೋದರಕ್ಕೆ ಬಂದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರಿಗೊಂದು ಕೀಬೋರ್ಡು ಸಿಕ್ಕಿತು. ಎದುರು ಫ್ಲಾಟಿನವರ ಮಗ ಕಲಿಯಲು ಹೋಗಿ ಬೇಸತ್ತು ಬಿಟ್ಟದ್ದು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಬಾರಿಸಬೇಕೆಂದು ಸುಮತಿ ಕರಾರು ಮಾಡಿದ್ದರು. ಹಾಗಾಗಿ ಸಂಜೆ ಹೊತ್ತು ಆ ಮನೆಯಲ್ಲಿ ಪ್ಲಾಸ್ಟಿಕ್ ಕೀಲಿಗಳ ಟಕಟಕ ಸದ್ದು ಮಾತ್ರ ಕೇಳುತ್ತಿತ್ತು, ಯಾರೋ ಅವಸರದಲ್ಲಿ ಟೈಪ್ ಮಾಡುತ್ತಿದ್ದಾರೇನೋ ಎಂಬಂತೆ.

ಆ ವರ್ಷದ ರಾಜ್ಯೋತ್ಸವಕ್ಕೆ ಕನ್ನಡ ಬಳಗದ ಕಾರ್ಯದರ್ಶಿ ಇಂದುಮತಿಯವರು, ಮಕ್ಕಳ ಸಮೂಹಗಾನಕ್ಕೆ ಕೀಬೋರ್ಡು ನುಡಿಸಲು ಬೇರೆ ಯಾರೂ ಸಿಗದೆ, ಇವರನ್ನು ಕರೆದರು. ಹಾಡು ಹೇಗೋ ಮುಗಿಯಿತು. ಆದರೆ ಒಂದು ಕೀಲಿ ಕೆಳಗಿಳಿದದ್ದು ಮೇಲೇಳಲಿಲ್ಲ. ಇಂದುಮತಿಯವರು ವಂದನಾರ್ಪಣೆ ಮಾಡುವಷ್ಟು ಹೊತ್ತೂ ಸಭೆಯಲ್ಲಿ ಒಂದೇ ಸ್ವರ ಊಂ ಎಂದು ಕೊರೆಯುತ್ತಿತ್ತು. ಮಲ್ಲಿಕಾರ್ಜುನ ಬೆವರುತ್ತಾ ಉಗುರಿನಿಂದ ಕೀಲಿಯನ್ನು ಎಬ್ಬಿಸುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ, ಕತ್ತರಿಸಿದ ಕೂದಲಿನ ಒಬ್ಬ ಹುಡುಗಿ ಕೇಸರಿಬಾತಿನ ದೊನ್ನೆ ಹಿಡಿದು ಹತ್ತಿರ ಬಂದಳು.

"ಅಂಕಲ್, ಲಾಸ್ಟಲ್ಲಿ ನುಡಿಸಿದ್ದು ಸೂಪರ್ ಆಗಿತ್ತು" ಅಂದಳು.

ಅವಳು ಹಾಡಿನ ಕೊನೆಯ ಚರಣದ ಬಗ್ಗೆ ಹೇಳುತ್ತಿದ್ದಾಳೆ ಎಂದೇ ಮಲ್ಲಿಕಾರ್ಜುನ ತಿಳಿದರು. ಅದನ್ನು ಅವರು ಕಷ್ಟಪಟ್ಟು ಕಲಿತಿದ್ದರು. "ಥ್ಯಾಂಕ್ಸ್ ನೋಡವಾ" ಎಂದರು. ಜೀವಮಾನದಲ್ಲಿ ಅವರ ಸಂಗೀತಕ್ಕೆ ಬಂದ ಮೊದಲ ಮೆಚ್ಚುಗೆ ಅದು, ಸಿಕ್ಕಿಕೊಂಡ ಕೀಲಿಗೆ ಬಂದದ್ದು.

ಹುಡುಗಿಯ ಹೆಸರು ಅದಿತಿ. ಅವಳ ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿ ಅಹಮದಾಬಾದಿಗೆ ಬಂದು ಅಲ್ಲಿಯ ಬೋಪಾಲ್ ಬಡಾವಣೆಯಲ್ಲಿ ಫ್ಲಾಟು ಕೊಂಡವರು. ಅವಳು ವಡೋದರದಲ್ಲಿ ಕಲೆ ಓದುತ್ತಾ ಫತೇಗಂಜಿನ ಹಾಸ್ಟೆಲಿನಲ್ಲಿದ್ದಳು. ಅವಳಿಗೆ ನಿತೇಶ್ ಎಂಬ ಜೊತೆಗಾರನಿದ್ದ. ಸೂರತ್ತಿನವನು, ಮನೆಯವರಿಗೆ ಕಸೂತಿ ಯಂತ್ರಗಳ ಕಾರ್ಖಾನೆ. ಆಟಿಕೆ, ಹಳೇ ರೇಡಿಯೋ, ಕ್ಯಾಲ್ಕುಲೇಟರುಗಳ ಹೊಟ್ಟೆ ಬಗೆದು ಅವುಗಳಿಂದ ಕಿರುಚಾಟ ಹೊರಡಿಸುವುದರಲ್ಲಿ ಅವನಿಗೆ ಕೈಗುಣವಿತ್ತು. ಇಬ್ಬರೂ ಸೇರಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದರು. ಮೂರನೆಯವರು ಒಬ್ಬರು ಬೇಕಾಗಿತ್ತು.

"ಮೊದಲು ಏನೂ ಪ್ಲಾನ್ ಮಾಡಲ್ಲ ಅಂಕಲ್. ರಿಹರ್ಸಲ್ ಇಲ್ಲ. ಕೂತ್ಕೊಂಡು ಆವಾಗ ಏನು ಬರುತ್ತೋ ಅದು" ಎಂದು ಅದಿತಿ ವಿವರಿಸಿದಳು.

"ಹಂಗಂದ್ರ ಕಲಿಯೂದ ಏನೂ ಇಲ್ಲ?"

"ಕಲಿತಿದ್ದನ್ನ ಮರೀಬೇಕು."

ತಾವು ಕಲಿತದ್ದೇ ಕಡಿಮೆಯಾದ್ದರಿಂದ ಇದು ಬೇಗ ಮುಗಿಯುವ ಕೆಲಸ ಎಂದು ಮಲ್ಲಿಕಾರ್ಜುನ ಅವರಿಗೆ ಅನಿಸಿತು. ಮನೆಗೆ ಬಂದು ಹೇಳಿದಾಗ ಸುಮತಿ ಈ ಸಲ ನಿಂತು ಕೇಳಿದರು. "ಆ ಹುಡುಗರ ನಡುವೆ ನೀವು ಹೋಗಿ ಏನ್ ಮಾಡ್ತೀರಿ?" ಎಂದವರು, ಒಂದು ಕ್ಷಣ ಬಿಟ್ಟು, "ಹೋಗ್ರಿ, ಮನ್ಯಾಗ ಕೂತು ಟಕಟಕ ಮಾಡೂದ್ಕಿಂತ ಚಲೋ" ಎಂದರು.

ಫತೇಗಂಜಿನಲ್ಲಿ ಗೋಪಾಲಕೃಷ್ಣ ಎಂಬ ಬ್ರಹ್ಮಾವರದ ಕಡೆಯವರ ಉಡುಪಿ ಹೋಟೆಲು ಇದೆ. ಅದರ ಮಹಡಿಯಲ್ಲಿ ಹಿಂದೆ ಫ್ಯಾಮಿಲಿ ರೂಮು ಇತ್ತು. ಫ್ಯಾಮಿಲಿಗಳೂ ವಿದ್ಯಾರ್ಥಿಗಳ ಜೊತೆಗೇ ಕೂತು ದೋಸೆ ತಿನ್ನಲು ಶುರುಮಾಡಿದ ಮೇಲೆ ಆ ಕೋಣೆ ಅಕ್ಕಿ ಮೂಟೆಗಳ ಪಾಲಾಯಿತು. ಮಲ್ಲಿಕಾರ್ಜುನ ಅವರ ಪರಿಚಯದ ಮೇಲೆ ಗೋಪಾಲಕೃಷ್ಣ ಅದನ್ನು ಗುರುವಾರದ ಸಂಜೆ ಇವರಿಗೆ ಬಿಟ್ಟುಕೊಟ್ಟರು. "ಕನ್ನಡದವರು ಸಂಗೀತ ಮಾಡ್ತಾರೆ ಅಂದ್ರೆ ನಮಗೂ ಹೆಮ್ಮೆಯೇ ಅಲ್ವಾ" ಎಂದರು. ಮೊದಲ ಗುರುವಾರ ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಕೇಳಿದರು. ಅವರ ಹೆಂಡತಿ ಕಮಲಾ, ಮೇಲೆ ಏನಾದರೂ ರಿಪೇರಿ ನಡೆಯುತ್ತಿದೆಯೇ ಎಂದು ಕೇಳಿದರಂತೆ. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

ತಂಡಕ್ಕೆ ಅದಿತಿ 'ತ್ರೀ ಪಿನ್' ಎಂದು ಹೆಸರಿಟ್ಟಳು. ಎಡಕ್ಕೆ ಅವಳ ಲ್ಯಾಪ್‌ಟಾಪು, ಬಲಕ್ಕೆ ನಿತೇಶನ ಡಬ್ಬಿಗಳು, ನಡುವೆ ಕೀಬೋರ್ಡಿನ ಮುಂದೆ ಇಸ್ತ್ರಿ ಮಾಡಿದ ಅಂಗಿಯ ಮಲ್ಲಿಕಾರ್ಜುನ. ಅವರ ಕೀಬೋರ್ಡಿನಿಂದ ಒಂದು ಕೇಬಲು ಮೂಟೆಗಳ ಸಂದಿಯಿಂದ ಹಾದು ನಿತೇಶನ ಹಳೇ ಮಿಕ್ಸರಿಗೆ ಹೋಗುತ್ತಿತ್ತು, ಅಲ್ಲಿಂದ ಮೂವರ ಸದ್ದೂ ಒಟ್ಟಾಗಿ ಸ್ಪೀಕರಿಗೆ. ಮನೆಯ ರೂಢಿಯಂತೆ ಇಲ್ಲೂ ಅವರು ಒಂದು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ತಮ್ಮದನ್ನು ಕೇಳಿಕೊಳ್ಳುತ್ತಿದ್ದರು. ಇನ್ನೊಂದು ಕಿವಿಯನ್ನು ಸೌಜನ್ಯಕ್ಕೆಂದು ಹೊರಗೆ ಬಿಟ್ಟಿದ್ದರು.

ಮೊದಲ ಕೆಲವು ವಾರ ಅವರಿಗೆ ಬಹಳ ಕಷ್ಟವಾಯಿತು. ಏನೂ ಯೋಜನೆ ಇಲ್ಲದೆ ಕೂರುವುದು ವಿಮಾ ಕಚೇರಿಯವರಿಗೆ ಒಗ್ಗುವ ಸಂಗತಿಯಲ್ಲ. ಬುಧವಾರ ರಾತ್ರಿ ಅವರು ಮರುದಿನ ಆಕಸ್ಮಿಕವಾಗಿ ಏನು ನುಡಿಸಬೇಕೆಂದು ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದರು. ಅದರ ಮೇಲೆ, ಬೆರಳು ಕೀಲಿ ಮುಟ್ಟಿದರೆ ಸಾಕು, ಅವರ ಹಳೇ ಧಾಟಿಯ ಎರಡು ಮೆಟ್ಟಿಲು ಎದ್ದು ಬರುತ್ತಿದ್ದವು. ಅದಿತಿ ಕೈ ಎತ್ತುತ್ತಿದ್ದಳು.

"ಅಂಕಲ್, ಟ್ಯೂನ್ ಬೇಡ ಪ್ಲೀಸ್."

"ತಾಳಾನರ ಇರಲಿ?"

ಅದಕ್ಕೆ ನಿತೇಶ್ ಹಿಂದಿಯಲ್ಲಿ ಹೇಳುತ್ತಿದ್ದ, "ಅಂಕಲ್‌ಜಿ, ನವರಾತ್ರಿಯಲ್ಲಿ ಒಂಬತ್ತು ರಾತ್ರಿ ಊರೆಲ್ಲಾ ಗರ್ಬಾದ ತಾಳವೇ. ನಮ್ಮದು ಬಾಕಿ ದಿನಗಳಿಗೆ."

ಡಿಸೆಂಬರು ಹೀಗೆ ಕಳೆಯಿತು. ಉತ್ತರಾಯಣದ ಗಾಳಿಪಟಗಳ ಗದ್ದಲ ಮುಗಿದು ಮತ್ತೆ ಸೇರಿದಾಗ ಒಂದು ವಿಚಿತ್ರ ನಡೆಯಿತು. ಮಲ್ಲಿಕಾರ್ಜುನ ಎಂದಿನಂತೆ ಮೈಮರೆತು ಧಾಟಿಯ ಮೊದಲ ಮೆಟ್ಟಿಲು ಹತ್ತಿದರು, ಬೈಸಿಕೊಳ್ಳಲು ತಯಾರಾಗಿ ತಲೆಯೆತ್ತಿದರು. ಅದಿತಿ ಕೈ ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಇನ್ನೊಂದು ಮೆಟ್ಟಿಲು ಹತ್ತಿದರು. ನಿತೇಶ್ ಮೆಲ್ಲಗೆ ತಲೆಯಾಡಿಸಿದ. ಮಲ್ಲಿಕಾರ್ಜುನ ಪೂರ್ತಿ ಹತ್ತಿ, ನಿಂತು, ಯೋಚಿಸಿ, ಬೇರೆ ದಾರಿಯಲ್ಲಿ ಇಳಿದೇ ಬಂದರು. ಯಾರೂ ತಡೆಯಲಿಲ್ಲ. ಮುಗಿದ ಮೇಲೆ ಅದಿತಿ, "ಅಂಕಲ್, ಇವತ್ತು ನಿಮಗೆ ಸಿಕ್ತು" ಎಂದಳು.

ಅವತ್ತು ಅವರು ಸ್ಕೂಟರನ್ನು ನಿಜಾಂಪುರದ ಮನೆಯ ಕಡೆ ಹೇಗೆ ಓಡಿಸಿದರೋ ಅವರಿಗೇ ಗೊತ್ತಿಲ್ಲ. ಹಟ ಮಾಡದೆ, ದನಿ ಏರಿಸದೆ, ಎರಡು ಮೊಂಡು ಮಕ್ಕಳನ್ನು ತಮ್ಮ ಧಾಟಿಗೆ ಒಲಿಸಿಕೊಂಡಿದ್ದರು. ಕಲೆ ಎಂದರೆ ಇದೇ ಇರಬೇಕು ಎಂದುಕೊಂಡರು.

ಅಲ್ಲಿಂದ ಮುಂದೆ ಅವರು ಗುರುವಾರಗಳಿಗಾಗಿ ಬದುಕಿದರು. ಧಾಟಿಯನ್ನು ಬೆಳೆಸಿದರು, ಹಿಗ್ಗಿಸಿದರು, ಅದಕ್ಕೊಂದು ಅನುಪಲ್ಲವಿಯಂಥದ್ದನ್ನೂ ಹಚ್ಚಿದರು. ಹೊರಗಿನ ಕಿವಿಗೆ ಒಂದು ಭಾರದ ಗುಂಯ್‌ಗುಡುವ ಸದ್ದು ಕೇಳುತ್ತಿತ್ತು. ನಿತೇಶ್ ತಮ್ಮ ಧಾಟಿಗೆ ಶ್ರುತಿ ಹಿಡಿಯುತ್ತಿದ್ದಾನೆ, ಒಳ್ಳೆಯ ಹುಡುಗ, ಎಂದು ಅವರು ಮೆಚ್ಚಿದರು. ಹುಡುಗರು ಇವರನ್ನು ಇನ್ನೂ ಹೆಚ್ಚು ಮೆಚ್ಚಿದರು. "ಅಂಕಲ್ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರೋರು. ನಮಗಿಂತ ಮೊದಲೇ ಸುಮ್ಮನಾಗ್ತಾರೆ" ಎಂದು ಅದಿತಿ ಗೆಳೆಯರಿಗೆ ಹೇಳುತ್ತಿದ್ದಳು. ಇದನ್ನು ಕೇಳಿದಾಗ ಮಲ್ಲಿಕಾರ್ಜುನ ಅವರಿಗೆ ಸ್ವಲ್ಪ ಗೊಂದಲವಾಯಿತು, ಏಕೆಂದರೆ ಅವರು ಕೊನೆಯವರೆಗೂ ಬಾರಿಸುತ್ತಲೇ ಇರುತ್ತಿದ್ದರು. ಆದರೆ ಹೊಗಳಿಕೆಯ ಜೊತೆ ವಾದ ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಮಾರ್ಚಿನಲ್ಲಿ ಅಹಮದಾಬಾದಿನಿಂದ ಚಂದ್ರಕಾಂತಭಾಯಿ ಬಂದರು. ಹೊಸ ಸಂಗೀತದ ಬಗ್ಗೆ ಅಂತರ್ಜಾಲದಲ್ಲಿ ಬರೆಯುವವರು, ಅವರು ಮೆಚ್ಚಿದರೆ ನಾಲ್ಕು ಕಡೆ ಕರೆ ಬರುತ್ತದೆ ಎಂಬ ಹೆಸರಿದ್ದವರು. ಅಕ್ಕಿ ಮೂಟೆಯ ಮೇಲೆ ಕೂತು, ಗಡ್ಡ ಸವರಿಕೊಳ್ಳುತ್ತಾ ಕೇಳಿ, ಕೆಳಗೆ ಮಸಾಲೆ ದೋಸೆ ತಿಂದು ಹೋದರು. ವಾರದಲ್ಲಿ ಬರಹ ಬಂತು. ಇಬ್ಬರು ಕಿರಿಯರ ಪ್ರತಿಭೆಗೆ ಎರಡು ಸಾಲು, ನಡುವೆ ಕೂತ ಹಿರಿಯರಿಗೆ ಒಂದು ಪೂರ್ತಿ ಪ್ಯಾರಾ. ಅವರ ಸ್ವರ ಸ್ಪೀಕರಿನಿಂದಲ್ಲ, ನೆಲದೊಳಗಿಂದ ಬಂದಂತಿದೆ, ಅದಕ್ಕೆ ಕಲ್ಲಿನ ತೂಕವಿದೆ, ಮೊದಲು ಒರಟಾಗಿ ಆರಂಭವಾಗಿ ಹೋಗುತ್ತಾ ಹೋಗುತ್ತಾ ನುಣ್ಣಗಾಗುತ್ತದೆ, ಎಂದಿದ್ದರು. ಮಲ್ಲಿಕಾರ್ಜುನ ಅದನ್ನು ಫೋನಿನಲ್ಲಿ ಮತ್ತೆ ಮತ್ತೆ ಓದಿದರು. ತಮ್ಮ ಮೆಟ್ಟಿಲು ಹತ್ತುವ ಧಾಟಿಯಲ್ಲಿ ಕಲ್ಲಿನ ತೂಕ ಎಲ್ಲಿದೆಯೋ ಅವರಿಗೆ ಹೊಳೆಯಲಿಲ್ಲ. ವಿಮರ್ಶಕರು ಆಳಕ್ಕೆ ಇಳಿಯುತ್ತಾರೆ, ನಮಗೆ ಕಾಣದ್ದು ಅವರಿಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಕಚೇರಿಯಲ್ಲಿ ಯಾರಿಗೋ ಸುದ್ದಿ ತಿಳಿದು ಸಾಹೇಬರು ಕರೆದು ಕೈಕುಲುಕಿದರು. ಆ ವಾರದ ಮೀಟಿಂಗಿನಲ್ಲಿ ಎಲ್ಲರೂ ಇವರ ಕಡೆ ತಿರುಗಿ ಕಾಯುತ್ತಾ ಕೂತರು. ಅಭ್ಯಾಸವಿಲ್ಲದ ಮಲ್ಲಿಕಾರ್ಜುನ ಅವರಿಗೆ ಹೇಳಲು ಏನೂ ತೋಚಲಿಲ್ಲ.

ಬರಹದ ಫಲವಾಗಿ ಎರಡು ಕರೆ ಬಂದವು. ಮೊದಲನೆಯದು ಸೂರತ್ತಿನ ಒಂದು ಹೊಸ ಕಲಾಕೇಂದ್ರದಿಂದ, ಎರಡನೆಯದು ಅಹಮದಾಬಾದಿನ ವಸ್ತ್ರಾಪುರದಲ್ಲಿ ನಡೆಯುವ ಸಂಗೀತೋತ್ಸವದಿಂದ.

ಸೂರತ್ತಿಗೆ ನಿತೇಶನ ಕಾರಿನಲ್ಲಿ ಹೋದರು. ಸಭಾಂಗಣ ಚೆನ್ನಾಗಿತ್ತು, ನೆಲಕ್ಕೆ ದಪ್ಪ ಜಮಖಾನ, ಗೋಡೆಗೆ ಬಟ್ಟೆ. ಸೂರತ್ತಿನಲ್ಲಿ ಬಟ್ಟೆಗೆ ಬರವೇ. ನಿತೇಶನ ಅಪ್ಪ, ಚಿಕ್ಕಪ್ಪಂದಿರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಲ್ಲಿಕಾರ್ಜುನ ಅವತ್ತು ಹಿಂದೆಂದೂ ಬಾರಿಸದ ಹಾಗೆ ಬಾರಿಸಿದರು. ಹೆಡ್‌ಫೋನಿನಲ್ಲಿ ಧಾಟಿ ಎಷ್ಟು ತುಂಬಿ ಬಂತೆಂದರೆ ಅವರ ಕಣ್ಣು ಒದ್ದೆಯಾಯಿತು. ಜನ ಚಪ್ಪಾಳೆ ತಟ್ಟಿದರು. ನಿತೇಶನ ಅಪ್ಪ ಬಂದು, "ನಮ್ಮ ಮಷಿನ್ನುಗಳೂ ಹೀಗೇ ಸದ್ದು ಮಾಡುತ್ತವೆ, ಆದರೆ ಅವುಗಳಿಂದ ಸೀರೆ ಬರುತ್ತದೆ" ಎಂದು ಮಗನ ಬೆನ್ನು ತಟ್ಟಿ ಹೋದರು.

ವಾಪಸು ಬರುವಾಗ ನಿತೇಶ್ ಕಾರು ಓಡಿಸುತ್ತಿದ್ದ. ಊರು ದಾಟಿದ ಮೇಲೆ ಕೇಳಿದ. "ಅಂಕಲ್‌ಜಿ, ಇವತ್ತು ನೀವು ಯಾಕೆ ನುಡಿಸಲೇ ಇಲ್ಲ?"

"ನುಡಿಸಿದೆನಲ್ಲ" ಎಂದರು ಮಲ್ಲಿಕಾರ್ಜುನ.

"ಒಂದು ಸ್ವರವೂ ಬರಲಿಲ್ಲ."

ಅದಿತಿ ಮುಂದಿನ ಸೀಟಿನಿಂದ ತಿರುಗಿದಳು. "ಪರವಾಗಿಲ್ಲ ಅಂಕಲ್. ಸೈಲೆನ್ಸ್ ಕೂಡ ಒಂದು ಚಾಯ್ಸ್. ಬ್ರೇವ್ ಆಗಿತ್ತು. ಆದ್ರೆ ಹೇಳಿಬಿಟ್ಟು ಮಾಡಬಹುದಿತ್ತು."

ಮಲ್ಲಿಕಾರ್ಜುನ ಏನೋ ಹೇಳಿದರು. ಲಾರಿಯೊಂದು ಹಾರ್ನ್ ಹೊಡೆಯುತ್ತಾ ದಾಟಿ ಹೋಯಿತು.

ಮರುದಿನ ನಿತೇಶ್ ಎಲ್ಲವನ್ನೂ ಪರೀಕ್ಷಿಸಿ, ಅಂಕಲ್‌ಜಿಯ ಕೇಬಲು ಸತ್ತಿದೆ ಎಂದು ಕಂಡುಹಿಡಿದ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಒಳಗಿನ ತಂತಿ ತುಂಡಾಗಿತ್ತು. ಯಾರೋ ಅದರ ಮೇಲೆ ಅಕ್ಕಿ ಮೂಟೆ ಇಟ್ಟಿರಬೇಕು. ಸೂರತ್ತಿಗೆ ಹೊರಡುವ ಮುಂಚೆ ಆಗಿರಬಹುದು ಎಂದು ಮೂವರೂ ಒಪ್ಪಿದರು. ಮಲ್ಲಿಕಾರ್ಜುನ ಸತ್ತ ಕೇಬಲನ್ನು ಕೈಯಲ್ಲಿ ಸುತ್ತಿಕೊಂಡರು. ತಮ್ಮ ಜೀವನದ ಅತ್ಯುತ್ತಮ ನುಡಿಸಾಣಿಕೆಯನ್ನು ತಾವೊಬ್ಬರೇ ಕೇಳಿದಂತಾಯಿತು. ಹೊಸ ಕೇಬಲನ್ನು ತಾವೇ ತಂದರು.

ಗುರುವಾರ ಬಂತು. ಅದಿತಿ ಒಂದು ಸಣ್ಣ ಸಿಳ್ಳೆಯಂಥ ಸದ್ದಿನಿಂದ ಆರಂಭಿಸಿದಳು. ನಿತೇಶ್ ಅದರ ಮೇಲೆ ಎರಡು ಹನಿ ಕಿರುಚಾಟ ಉದುರಿಸಿದ. ಮಲ್ಲಿಕಾರ್ಜುನ ಕಣ್ಣುಮುಚ್ಚಿ ಧಾಟಿಯ ಮೆಟ್ಟಿಲು ಹತ್ತಿದರು. ಕೋಣೆಯ ತುಂಬ, ಸ್ಪೀಕರಿನಿಂದ, ದೊಡ್ಡದಾಗಿ, ಸಿಹಿಯಾಗಿ ಧಾಟಿ ಹೊರಟಿತು. ಅದಿತಿ ಮತ್ತು ನಿತೇಶ್ ಇಬ್ಬರೂ ಕೈ ತೆಗೆದರು.

"ಅಂಕಲ್, ಏನಿದು?"

"ಏನು ಏನಿದು? ನಾ ಯಾವಾಗಲೂ ಬಾರ್ಸೂದು."

"ಯಾವಾಗ ಬಾರಿಸಿದ್ರಿ ಇದನ್ನ?"

"ಜನವರಿಯಿಂದ ಇದನ್ನ ಬಾರ್ಸಾಕತ್ತೇನಿ. ನೀನ ಅಂದ್ಯಲ್ಲವಾ, ನಿಮಗ ಸಿಕ್ತು ಅಂತ."

ಅದಿತಿ ಲ್ಯಾಪ್‌ಟಾಪಿನ ಮೈಕಿನಲ್ಲಿ ಹಿಡಿದಿಟ್ಟಿದ್ದ ಫೆಬ್ರವರಿಯ ಒಂದು ರೆಕಾರ್ಡಿಂಗ್ ಹುಡುಕಿ ಹಾಕಿದಳು. ಮೂವರೂ ಬಾಗಿ ಕೇಳಿದರು. ಅವಳ ಸಿಳ್ಳೆಗಳಿದ್ದವು, ನಿತೇಶನ ಹನಿಗಳಿದ್ದವು, ಅವೆರಡರ ಕೆಳಗೆ ಭಾರದ ಗುಂಯ್‌ಗುಡುವಿಕೆ ಇತ್ತು. ಧಾಟಿ ಎಲ್ಲೂ ಇರಲಿಲ್ಲ. ಕೇಬಲು ಸತ್ತದ್ದು ಸೂರತ್ತಿನ ಹೊತ್ತಿಗಲ್ಲ, ಜನವರಿಯಲ್ಲೇ.

"ಇದೇ ನೀವು" ಎಂದಳು ಅದಿತಿ, ಗುಂಯ್‌ಗುಡುವುದರ ಕಡೆ ಬೆರಳು ಮಾಡಿ.

"ಇದು ನಿತೇಶಲ್ಲ?" ಎಂದರು ಮಲ್ಲಿಕಾರ್ಜುನ.

"ನಾನಲ್ಲ" ಎಂದ ನಿತೇಶ್.

ಅದಿತಿ ರೆಕಾರ್ಡಿಂಗ್ ನಿಲ್ಲಿಸಿದಳು. ಗುಂಯ್‌ಗುಡುವುದು ನಿಲ್ಲಲಿಲ್ಲ. ಅದು ಕಾಲ ಕೆಳಗೆ, ನೆಲದಲ್ಲಿ ನಡೆಯುತ್ತಲೇ ಇತ್ತು. ಮೂವರೂ ತಮ್ಮ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದು ಹೋಟೆಲಿನ ಅಡುಗೆಮನೆಗೆ ಹೋದರು.

ಮೂಲೆಯಲ್ಲಿ, ಮಹಡಿಗೆ ಹೋಗುವ ಕಂಬಕ್ಕೆ ಒತ್ತಿಕೊಂಡು, ನಾಳೆಯ ಇಡ್ಲಿ ದೋಸೆಗೆ ಹಿಟ್ಟು ರುಬ್ಬುತ್ತಾ ದೊಡ್ಡ ಗ್ರೈಂಡರು ತಿರುಗುತ್ತಿತ್ತು. ಅದರ ಕಾಲೊಂದು ಸವೆದು, ತಿರುಗಿದಾಗೆಲ್ಲ ಕಂಬಕ್ಕೆ ಸಣ್ಣಗೆ ಗುದ್ದುತ್ತಿತ್ತು. ಕಮಲಾ ಅವರು ಉದ್ದಿಗೆ ನೀರು ಹಾಕಿದರು. ಗುಂಯ್ ಎನ್ನುವ ಸದ್ದು ಒಂದು ಸ್ವರ ಕೆಳಗಿಳಿದು ನುಣ್ಣಗಾಯಿತು. ಸದ್ದು ಹೀಗೆ ಇಳಿಯುವ ಜಾಗದಲ್ಲಿ ಹುಡುಗರು ಎಷ್ಟೋ ಸಲ ಕಣ್ಣು ಮುಚ್ಚಿ ತಲೆದೂಗಿದ್ದರು.

ಗೋಪಾಲಕೃಷ್ಣ ಗಲ್ಲಾ ಬಿಟ್ಟು ಓಡಿ ಬಂದರು. "ಎಂತ ಮಾರಾಯ್ರೆ, ಮೂರೂ ಜನ ಕಿಚನ್ನಿಗೇ ಬಂದದ್ದು? ಶಬ್ದ ಜಾಸ್ತಿ ಆಯ್ತಾ?"

ಗ್ರೈಂಡರಿನ ಕಡೆ ಕೈ ಮಾಡಿ ಅವರೇ ಮುಂದುವರಿಸಿದರು.

"ನಂಗೆ ಗೊತ್ತಿತ್ತು, ಒಂದು ದಿನ ನೀವು ಹೇಳ್ತೀರಿ ಅಂತ. ಪಾಪ, ಇಷ್ಟು ದಿನ ಸುಧಾರಿಸಿಕೊಂಡಿರಿ. ಗುರುವಾರ ಇದನ್ನು ತಡವಾಗಿ ಹಾಕುವ ಅಂದ್ರೆ ಬೆಳಿಗ್ಗೆಗೆ ಹಿಟ್ಟು ಹುಳಿ ಬರೋದಿಲ್ಲ ಅಂತಾಳೆ ಇವಳು."

"ಇಲ್ಲ ಅಂಕಲ್, ತುಂಬಾ ಚೆನ್ನಾಗಿದೆ" ಎಂದಳು ಅದಿತಿ. ಅವಳ ದನಿ ಆಗ ಮಲ್ಲಿಕಾರ್ಜುನ ಅವರ ದನಿಯಷ್ಟೇ ಸಣ್ಣಗಿತ್ತು. ಗೋಪಾಲಕೃಷ್ಣ ಅದನ್ನು ವ್ಯಂಗ್ಯವೆಂದು ತಿಳಿದು ಇನ್ನಷ್ಟು ನಾಚಿಕೊಂಡರು. ಮುಂದಿನ ಗುರುವಾರ ಹೋಗುವಷ್ಟರಲ್ಲಿ ಹಳೇ ಗ್ರೈಂಡರು ಆಣಂದ ಊರಿನ ಅವರ ನೆಂಟರ ಹೋಟೆಲಿಗೆ ಹೋಗಿ, ಆ ಜಾಗದಲ್ಲಿ ಹೊಸದೊಂದು ಬೆಕ್ಕಿನ ಹಾಗೆ ಸದ್ದಿಲ್ಲದೆ ತಿರುಗುತ್ತಿತ್ತು. ಸಂಗೀತಗಾರರಿಗೆ ತೊಂದರೆಯಾಗಬಾರದೆಂದು ಕೊಯಮತ್ತೂರಿನಿಂದ ತರಿಸಿದ್ದು ಎಂದು ಕಮಲಾ ಹೆಮ್ಮೆಯಿಂದ ತೋರಿಸಿದರು.

ಇಷ್ಟೆಲ್ಲ ಆಗುವಾಗ ಮಲ್ಲಿಕಾರ್ಜುನ ಅವರ ಮನಸ್ಸಿನಲ್ಲಿ ಏನು ನಡೆದಿತ್ತೆಂದು ಯಾರೂ ಕೇಳಲಿಲ್ಲ. ಅವರು ಮನೆಗೆ ಹೋಗಿ ಸುಮತಿಗೆ ಎಲ್ಲವನ್ನೂ ಹೇಳಿದರು. ಚಂದ್ರಕಾಂತಭಾಯಿ ಹೊಗಳಿದ್ದು ಗ್ರೈಂಡರನ್ನು ಎಂಬುದನ್ನೂ ಹೇಳಿದರು. ಸುಮತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ನಗು ತಡೆದುಕೊಂಡದ್ದು ಅವರ ಹೆಗಲಿನಲ್ಲಿ ಕಾಣುತ್ತಿತ್ತು.

"ಹೋಗ್ಲಿ ಬಿಡ್ರಿ. ನೀವು ಬಾರ್ಸಿದ್ದು ಯಾರೂ ಕೆಟ್ಟದು ಅಂದಿಲ್ಲಲ್ಲ."

"ಯಾರೂ ಕೇಳೇ ಇಲ್ಲ, ಸುಮತಿ."

"ಅದನ್ನ ನಾನೂ ಅಂದೆ."

ಅಹಮದಾಬಾದಿನ ಉತ್ಸವಕ್ಕೆ ಇನ್ನು ಹತ್ತು ಹನ್ನೆರಡು ದಿನವಿತ್ತು. ಅಲ್ಲಿಯ ಫಲಕದಲ್ಲಿ ಕಲ್ಲಿನ ತೂಕದ ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಅದಿತಿ ಮತ್ತು ನಿತೇಶ್ ಬಹಳ ತಲೆ ಕೆಡಿಸಿಕೊಂಡು ಕಡೆಗೊಂದು ದಾರಿ ಹುಡುಕಿದರು. ರೆಕಾರ್ಡಿಂಗಿನಿಂದ ಗ್ರೈಂಡರಿನ ಸದ್ದನ್ನು ಬೇರೆ ಮಾಡಿ ಅಂಕಲ್ ಕೀಬೋರ್ಡಿನ ಒಂದು ಕೀಲಿಗೆ ತುಂಬುವುದು. ಅಂಕಲ್ ಆ ಒಂದು ಕೀಲಿ ಒತ್ತಿ ಹಿಡಿದರೆ ಸಾಕು.

"ಮೊದಲ ಏನೂ ತಯಾರಿ ಮಾಡಬಾರದು ಅಂತಿತ್ತಲ್ಲ?" ಎಂದು ಮಲ್ಲಿಕಾರ್ಜುನ ಕೇಳಿದರು. ಚುಚ್ಚಲು ಅಲ್ಲ, ನಿಜವಾಗಿ ತಿಳಿದುಕೊಳ್ಳಲು.

ಅದಿತಿ ಕೆಂಪಾದಳು. "ಇದೊಂದು ಸಲ ಅಂಕಲ್. ಎಲ್ಲರೂ ನಿಮ್ಮ ಸೌಂಡ್ ಕೇಳೋಕೆ ಬರ್ತಿದಾರೆ."

ಮಲ್ಲಿಕಾರ್ಜುನ ಎಂದಿನಂತೆ "ಆತು" ಎಂದರು.

ವಸ್ತ್ರಾಪುರದ ಒಂದು ಗ್ಯಾಲರಿಯ ಅಂಗಳದಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ, ಅವರ ಸರದಿ ಬಂತು. ಮ್ಯಾನೇಜ್‌ಮೆಂಟ್ ಓದುವ ಹುಡುಗರು, ಖಾದಿ ಕುರ್ತಾದವರು, ಪಕ್ಕದ ಕೆರೆಯ ಕಡೆ ವಾಕಿಂಗಿಗೆ ಬಂದು ಕುರ್ಚಿ ಕಂಡು ಕೂತ ಹಿರಿಯರು, ಎಲ್ಲ ಸೇರಿ ಅಂಗಳ ತುಂಬಿತ್ತು. ಚಂದ್ರಕಾಂತಭಾಯಿ ಮುಂದೆಯೇ ಇದ್ದರು. ಅದಿತಿಯ ಅಪ್ಪ ಅಮ್ಮ ಬೋಪಾಲಿನಿಂದ ಬಂದಿದ್ದರು. ಸುಮತಿ ರೇಷ್ಮೆ ಸೀರೆ ಉಟ್ಟು ಮೇಘನಾಳ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದರು. ಗಂಡ ಬಾರಿಸುವುದನ್ನು ಅವರು ಹೆಡ್‌ಫೋನಿನ ಹೊರಗೆ ಕೇಳುವುದು ಅದೇ ಎರಡನೆಯ ಸಲ, ರಾಜ್ಯೋತ್ಸವದ ದಿನವನ್ನೂ ಲೆಕ್ಕಕ್ಕೆ ಹಿಡಿದರೆ.

ಸಿಳ್ಳೆ ಎದ್ದಿತು, ಹನಿಗಳು ಬಿದ್ದವು. ಮಲ್ಲಿಕಾರ್ಜುನ ಆ ಒಂದು ಕೀಲಿ ಒತ್ತಿದರು. ಅಂಗಳದ ನೆಲದಿಂದಲೇ ಎದ್ದಂತೆ ಗುಂಯ್ ಎಂದು ಗ್ರೈಂಡರು ಹೊರಟಿತು. ಚಂದ್ರಕಾಂತಭಾಯಿ ಕಣ್ಣು ಮುಚ್ಚಿದರು. ಜನ ಗಂಭೀರರಾದರು. ಮಲ್ಲಿಕಾರ್ಜುನ ಬೆರಳು ಒತ್ತಿಕೊಂಡು ಕೂತೇ ಇದ್ದರು. ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಅವರಿಗೆ ಯೋಚನೆ ಮಾಡಲು ಸಮಯ ಸಿಕ್ಕಿತು. ಈಗ ಉದ್ದು ಬೀಳುತ್ತದೆ, ಈಗ ನೀರು, ಎಂದು ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. ಸಭೆಯಲ್ಲಿ ಯಾರೋ ಹೆಂಗಸು ಮೆಲ್ಲಗೆ "ವಾಹ್" ಎಂದಳು. ಆ ವಾಹ್ ಆಣಂದದಲ್ಲಿರುವ ಒಂದು ಯಂತ್ರಕ್ಕೆ ಸೇರಬೇಕಾದದ್ದು. ಮಲ್ಲಿಕಾರ್ಜುನ ಅವರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವರಿಗೆ ತಿಳಿಯಲಿಲ್ಲ, ಏಕೆಂದರೆ ಸಿಟ್ಟೂ ಅವರಿಗೆ ಅಭ್ಯಾಸವಿರಲಿಲ್ಲ. ಕೀಲಿಯಿಂದ ಬೆರಳು ತೆಗೆದರು. ಹೆಡ್‌ಫೋನನ್ನೂ ತೆಗೆದು ಕೆಳಗಿಟ್ಟರು. ಗ್ರೈಂಡರು ಥಟ್ಟನೆ ನಿಂತು ಅಂಗಳ ಬೆತ್ತಲಾದಂತಾಯಿತು. ಅವರು ಧಾಟಿಯ ಮೊದಲ ಮೆಟ್ಟಿಲು ಹತ್ತಿದರು.

ನಿತೇಶ್ ತಿರುಗಿ ನೋಡಿದ ನೋಟದಲ್ಲಿ ಅಂಕಲ್‌ಜಿ ಎಂಬ ಗೌರವ ಇರಲಿಲ್ಲ. ಅದಿತಿ ಅಭ್ಯಾಸಬಲದಿಂದ ಕೈ ಎತ್ತಿದಳು, ಸಭೆ ನೋಡುತ್ತಿದೆಯೆಂದು ಕೂದಲು ಸರಿಮಾಡಿಕೊಂಡಳು. ಮಲ್ಲಿಕಾರ್ಜುನ ಹತ್ತುತ್ತಲೇ ಹೋದರು. ಬೇರೆ ದಾರಿ ಕಾಣದೆ ಅದಿತಿ ಅವರ ಧಾಟಿಯ ಒಂದು ತುಂಡನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು, ಹಿಂದುಮುಂದು ಮಾಡಿ, ಹರಿದು ವಾಪಸು ಎಸೆದಳು. ತಮ್ಮದೇ ಸ್ವರಗಳು ತಲೆಕೆಳಗಾಗಿ ಬಂದದ್ದು ಕೇಳಿ ಮಲ್ಲಿಕಾರ್ಜುನ ಬೆಚ್ಚಿದರು. ಮುಂದಿನ ಮೆಟ್ಟಿಲು ಮರೆತೇ ಹೋಯಿತು. ತೋಚಿದ್ದನ್ನು ಬಾರಿಸಿದರು. ಅದರ ಮೇಲೆ ನಿತೇಶ್ ಒಂದು ಮುಷ್ಟಿ ಕಿರುಚಾಟ ಸುರಿದ. ಅವರು ಅದನ್ನು ತಳ್ಳಿಕೊಂಡು ಜೋರಾಗಿ ಬಾರಿಸಿದರು. ಆಮೇಲಿನದ್ದು ಸಂಗೀತವೋ ಬಸ್ ಸ್ಟ್ಯಾಂಡಿನ ವಾಗ್ವಾದವೋ ಎಂದು ಹೇಳುವುದು ಕಷ್ಟ. ಅಂತೂ ಮೂವರಲ್ಲಿ ಯಾರಿಗೂ ಮುಂದೇನು ಬರುತ್ತದೆಂದು ಗೊತ್ತಿರಲಿಲ್ಲ. ತಂಡ ಕಟ್ಟಿದ ದಿನದಿಂದ ಹಾಗೆ ಆದದ್ದು ಅದೇ ಮೊದಲು.

ಕೆಲವರು ಎದ್ದು ಹೋದರು. ವಾಕಿಂಗಿನ ಹಿರಿಯರು ಮಾತ್ರ ಧಾಟಿ ಕೇಳಿದ ಮೇಲೆ ಇನ್ನೊಂದಿಷ್ಟು ಹೊತ್ತು ಕೂತರು. ಕಡೆಗೆ ಚಪ್ಪಾಳೆ ಬಂತು, ಬಿಡಿಬಿಡಿಯಾಗಿ. ಚಂದ್ರಕಾಂತಭಾಯಿ ವೇದಿಕೆಯ ಹತ್ತಿರ ಬಂದು ಮಲ್ಲಿಕಾರ್ಜುನ ಅವರ ಕೈ ಹಿಡಿದು ಮರುಕದಿಂದ ಹೇಳಿದರು. "ಆರಂಭ ಅದ್ಭುತ. ಅಲ್ಲೇ ನಿಲ್ಲಬೇಕಿತ್ತು. ನಿಮ್ಮಂಥವರು ನಿಮ್ಮತನ ಬಿಟ್ಟುಕೊಡಬಾರದು."

"ನೋಡೂಣ್ರಿ" ಎಂದರು ಮಲ್ಲಿಕಾರ್ಜುನ ಕನ್ನಡದಲ್ಲೇ. ಚಂದ್ರಕಾಂತಭಾಯಿ ಅದಕ್ಕೂ ಗಂಭೀರವಾಗಿ ತಲೆದೂಗಿದರು.

ಮೇಘನಾ ಅಪ್ಪನ ಕೀಬೋರ್ಡು ಎತ್ತಿಕೊಂಡಳು. "ಪಪ್ಪಾ, ವಿಯರ್ಡ್ ಆಗಿತ್ತು. ಆದ್ರೆ ನಿಮ್ಮದು ಕೇಳಿಸ್ತು" ಎಂದಳು. ಸುಮತಿ ಸೆರಗು ಸರಿಮಾಡಿಕೊಂಡು, "ಚಲೋ ಇತ್ತು. ಸ್ವಲ್ಪ ಉದ್ದ ಆತು" ಎಂದರು. ರೈಲಿನಲ್ಲಿ ವಡೋದರಕ್ಕೆ ಬರುವಾಗ, ನಡಿಯಾದ್ ದಾಟಿದ ಮೇಲೆ, ಅವರು ಆ ಧಾಟಿ ಎಲ್ಲಿಯದು ಎಂದು ಕೇಳಿದರು. ಮಲ್ಲಿಕಾರ್ಜುನ ಹೇಳಲು ಶುರುಮಾಡಿದರು. ಸುಮತಿ ಎಲ್ಲಿಗೂ ಎದ್ದು ಹೋಗಲಿಲ್ಲ, ಕಿಟಕಿ ಪಕ್ಕದ ಸೀಟು ಬಿಟ್ಟರೆ ಬೇರೆಯವರು ಕೂರುತ್ತಿದ್ದರು.

ಮುಂದಿನ ಗುರುವಾರ ಹೋಗುವುದೋ ಬೇಡವೋ ಎಂದು ಅವರು ಬಹಳ ಯೋಚಿಸಿದರು. ಹೋದರು. ಮಹಡಿ ಹತ್ತಿದ್ದೇ ಅದಿತಿ ಕಾದಿದ್ದವಳಂತೆ ಶುರುಮಾಡಿದಳು.

"ಅಂಕಲ್, ಸ್ಟೇಜ್ ಮೇಲೆ ಹಾಗೆ ಮಾಡಬಾರದಿತ್ತು. ನೀವು ಸೆಲ್ಫಿಶ್ ಆಗಿ ನುಡಿಸಿದ್ರಿ. ಒಂದೇ ಟ್ಯೂನ್ ಇಡೀ ಟೈಮ್."

"ನೀ ಅದನ್ನ ಹರದು ಹರದು ಒಗದಿ. ಅದಕ್ಕ ಏನಂತಾರ?"

"ನಿಮ್ಮ ಟ್ಯೂನಿನ ಮೂರನೇ ಸಾಲು ಬೋರಿಂಗ್" ಎಂದು ನಿತೇಶ್ ಹಿಂದಿಯಲ್ಲಿ ಸೇರಿಸಿದ. "ಮೊದಲ ಎರಡು ಇರಲಿ. ಮೂರನೆಯದು ಸೀರಿಯಲ್ಲಿನ ಅಳುವಿನ ಥರ ಇದೆ."

"ಮೂರನೇದ್ದು ಇಲ್ಲದಿದ್ರ ಕೆಳಗ ಇಳಿಯೂದು ಹೆಂಗ?" ಎಂದು ಮಲ್ಲಿಕಾರ್ಜುನ ಕೇಳಿದರು, ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ನಿತೇಶ್ ಇಳಿಯಲೇಬೇಕೆಂದು ಯಾರು ಹೇಳಿದರು ಎಂದ. ಅದಿತಿ ಇಬ್ಬರಿಗೂ ವಿರುದ್ಧವಾದ ಮೂರನೆಯ ಮಾತು ಹೇಳಿದಳು. ಆ ಸಂಜೆ ಯಾವ ಯಂತ್ರದ ಸ್ವಿಚ್ಚೂ ಹಾಕಲಿಲ್ಲ. ಗಲಾಟೆ ಕೇಳಿ ಗೋಪಾಲಕೃಷ್ಣ ಮೂರು ಕಾಫಿ ತಂದು, ಮೆಟ್ಟಿಲ ಮೇಲೆಯೇ ಇಟ್ಟು ಇಳಿದರು. ಯಾರೂ ಗೆಲ್ಲಲಿಲ್ಲ. ಮೂರನೇ ಸಾಲಿನ ವಿಷಯವನ್ನು ಮುಂದಿನ ವಾರಕ್ಕೆ ಬಿಟ್ಟರು.

ಮಲ್ಲಿಕಾರ್ಜುನ ಮನೆಗೆ ಬಂದಾಗ ದನಿ ಒಡೆದಿತ್ತು. ಆದರೆ ಮುಖ ಹಬ್ಬದ ದಿನದ ಹಾಗಿತ್ತು. ಸುಮತಿ ತಾಟು ಹಾಕುತ್ತಾ ಏನಾಯಿತೆಂದು ಕೇಳಿದರು.

"ಇಬ್ಬರೂ ಕೂಡಿ ನನ್ನ ಜೋಡಿ ಜಗಳಾ ತೆಗದ್ರು" ಎಂದರು ಮಲ್ಲಿಕಾರ್ಜುನ. ಇನ್ನೊಂದು ರೊಟ್ಟಿ ಹಾಕೆಂದು ತಾಟು ಮುಂದೆ ಮಾಡಿದರು.